ನಟ್ ಬಿಗಿಯಾಗಿತ್ತು, ಪ್ರೊಪೆಲ್ಲರ್ ಸಡಿಲವಾಗಿತ್ತು

ಮಾರ್ಚ್ ಇಪ್ಪತ್ತೆಂಟು, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಇದು ಶುರುವಾಯಿತು. ಹೈದರಾಬಾದಿನ ಹೊರಗೆ, ನೀರಿಳಿದು ಗಟ್ಟಿಯಾದ ಕೆರೆಯಂಗಳದಲ್ಲಿ ನಮ್ಮ ಮಾದರಿ ವಿಮಾನವನ್ನು ಪರೀಕ್ಷೆಗೆ ಇಟ್ಟಿದ್ದೆವು. ನಾನು ಹಿಂದೆ ಮೊಣಕಾಲೂರಿ ಬಾಲ ಹಿಡಿದುಕೊಂಡಿದ್ದೆ. ಮುಂದೆ, ಎಂಜಿನ್ ಚಾಲೂ ಮಾಡುವವರು, ನಾನು ಅಣ್ಣ ಎಂದು ಕರೆಯುವ ಹಿರಿಯರು, ರಬ್ಬರ್ ಸುತ್ತಿದ ಕೋಲಿನಿಂದ ಪ್ರೊಪೆಲ್ಲರನ್ನು ತಟ್ಟಿ ತಿರುಗಿಸುತ್ತಿದ್ದರು. ಮೂರನೆಯ ಸಲಕ್ಕೆ ಎಂಜಿನ್ ಹೊತ್ತಿಕೊಂಡಿತು, ಒಂದೆರಡು ಕ್ಷಣ ಓಡಿತು, ಆಮೇಲೆ ಟಪ್ ಎಂದು ಹಿಂದಕ್ಕೆ ಒದ್ದು ನಿಂತಿತು. ಎಂಜಿನ್ ನಿಂತರೂ ಪ್ರೊಪೆಲ್ಲರ್ ನಿಲ್ಲಲಿಲ್ಲ. ಅದು ನಟ್ಟನ್ನು ಬಿಚ್ಚಿಕೊಂಡು ವಿಮಾನದ ಮೂತಿಯಿಂದ ಹೊರಟು, ಅಣ್ಣನ ಎಡಗಿವಿಯ ಪಕ್ಕದಲ್ಲೇ ಹಾದು, ಆಚೆ ನಿಂತಿದ್ದ ನಮ್ಮ ವ್ಯಾನಿನ ಮುಂದಿನ ಗಾಜಿಗೆ ಬಡಿಯಿತು.

ಅಣ್ಣ ಕುಕ್ಕರುಗಾಲಿನಲ್ಲೇ ಇದ್ದರು. ಕೋಲು ಇನ್ನೂ ಕೈಯಲ್ಲೇ ಇತ್ತು.

"ಕಿವಿ ಐತೇನವಾ ನೋಡು," ಎಂದರು.

"ಐತ್ರಿ ಅಣ್ಣಾರ."

"ಎರಡೂ?"

"ಎರಡೂ ಅದಾವ್ರಿ."

"ಹಂಗಾದ್ರ ಚಾ ಕುಡಿಯೂಣು," ಎಂದು ಎದ್ದು ನಿಂತರು.

ನಮ್ಮದು ಜೀಡಿಮೆಟ್ಲಾದ ಒಂದು ಶೆಡ್ಡಿನಲ್ಲಿರುವ ಸಣ್ಣ ವರ್ಕ್‌ಶಾಪ್. ಕಾಲೇಜುಗಳಿಗೆ, ವಿಜ್ಞಾನ ಮೇಳಗಳಿಗೆ ಮಾದರಿ ವಿಮಾನ ಕಟ್ಟಿಕೊಡುತ್ತೇವೆ, ಕರೆದರೆ ಹೋಗಿ ಹಾರಿಸಿಯೂ ತೋರಿಸುತ್ತೇವೆ. ಹೆಚ್ಚಿನವು ಬ್ಯಾಟರಿಯಿಂದ ಹಾರುವಂಥವು. ಇದೊಂದು ಮಾತ್ರ ನಿಜವಾದ ಎಂಜಿನ್ನಿನದು: ಇಪ್ಪತ್ತು ಸಿಸಿಯ ಫೋರ್‌ಸ್ಟ್ರೋಕ್, ಅದರ ಮುಂದೆ ಹದಿನಾರು ಇಂಚಿನ ಮರದ ಪ್ರೊಪೆಲ್ಲರ್. ಮಾಲೀಕರು ತೆಲುಗಿನವರು, ಹಾರಿಸುವವರೂ ಅವರೇ. ಅಣ್ಣ ಯಾದಗಿರಿ ಕಡೆಯವರು. ನಾನು ಬೀದರಿನವಳು. ಎಂಜಿನ್ ಜೋಡಿಸುವುದು, ಪ್ರೊಪೆಲ್ಲರ್ ಕೂರಿಸಿ ಬಿಗಿಯುವುದು ನನ್ನ ಕೆಲಸ. ಆದ್ದರಿಂದ ಮಾಲೀಕರು ಒಡೆದ ಗಾಜನ್ನು ನೋಡಿ ಬಂದು ಕೇಳಿದ ಪ್ರಶ್ನೆಗೆ ಉತ್ತರ ಅವರಿಗೂ ಗೊತ್ತಿತ್ತು.

"ನಟ್ ಯಾರು ಟೈಟ್ ಮಾಡಿದ್ದು ಅಮ್ಮಾ?"

"ನಾನೇ ಸರ್. ನಿನ್ನೆ ಸಂಜೆ."

"ಫುಲ್ ಟೈಟ್?"

"ಫುಲ್ ಟೈಟ್ ಸರ್."

ಅವರು ಬೈಯಲಿಲ್ಲ. ನೆಲದಲ್ಲಿ ಬಿದ್ದಿದ್ದ ನಟ್ ಹುಡುಕಿ, ಎತ್ತಿ, ಅಂಗೈಯಲ್ಲಿಟ್ಟು ನನಗೆ ತೋರಿಸಿದರು. ಎಳೆಗಳು ಒಂದೂ ಕೆಟ್ಟಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನಿಸಿತು.

ಓದುವವರಿಗೆ ಇಲ್ಲಿ ಜೋಡಣೆಯನ್ನು ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಎಂಜಿನ್ನಿನಿಂದ ಒಂದು ಶಾಫ್ಟ್ ಹೊರಬರುತ್ತದೆ. ಅದರ ಬುಡದಲ್ಲಿ ಸಣ್ಣ ಹಲ್ಲುಗಳಿರುವ ದಪ್ಪ ವಾಷರ್. ಅದಕ್ಕೆ ಒತ್ತಿಕೊಂಡು ಪ್ರೊಪೆಲ್ಲರಿನ ದಪ್ಪ ನಡುಭಾಗ ಕೂರುತ್ತದೆ. ಮುಂದೆ ಇನ್ನೊಂದು ವಾಷರ್, ಕೊನೆಗೆ ನಟ್. ಇಷ್ಟೇ. ಪ್ರೊಪೆಲ್ಲರನ್ನು ಶಾಫ್ಟಿಗೆ ಹಿಡಿದಿಡುವ ಕೀಲಿಯಾಗಲಿ ಪಿನ್ನಾಗಲಿ ಇಲ್ಲ. ಎರಡು ವಾಷರುಗಳು ಮರವನ್ನು ನಡುವೆ ಅಮುಕಿ ಹಿಡಿದ ಬಲವೊಂದೇ ಅದನ್ನು ತಿರುಗಿಸುವುದು. ಎಂಜಿನ್ ಓಡುವಾಗ ಪ್ರೊಪೆಲ್ಲರಿನ ಭಾರ ನಟ್ಟನ್ನು ಬಿಗಿಯುವ ಕಡೆಗೇ ತಳ್ಳುತ್ತಿರುತ್ತದೆ. ಎಂಜಿನ್ ಹಿಂದಕ್ಕೆ ಒದ್ದಾಗ ಮಾತ್ರ ತಿರುಗುಮುರುಗು: ಶಾಫ್ಟ್ ನಿಲ್ಲುತ್ತದೆ, ಪ್ರೊಪೆಲ್ಲರ್ ಓಟ ಬಿಡುವುದಿಲ್ಲ, ಆಗ ಅದು ನಟ್ಟನ್ನು ಬಿಚ್ಚುವ ಕಡೆಗೆ ಎಳೆಯುತ್ತದೆ. ಅಮುಕಿದ ಬಲ ಸಾಕಷ್ಟಿದ್ದರೆ ಏನೂ ಆಗುವುದಿಲ್ಲ. ಇಲ್ಲದಿದ್ದರೆ ಅಂದು ಬೆಳಿಗ್ಗೆ ಆದದ್ದು ಆಗುತ್ತದೆ.

ನಾನು ಪ್ರೊಪೆಲ್ಲರ್ ಬಿಗಿಯುವುದನ್ನು ಯಾವಾಗಲೂ ಹಿಂದಿನ ದಿನ ಸಂಜೆಯೇ ಮುಗಿಸುತ್ತಿದ್ದೆ. ಮೈದಾನದಲ್ಲಿ ಗಡಿಬಿಡಿ ಇರುತ್ತದೆ, ಬಿಸಿಲಿರುತ್ತದೆ, ಯಾರೋ ಮಾತಿಗೆಳೆಯುತ್ತಾರೆ, ಕೈ ತಪ್ಪುತ್ತದೆ. ವರ್ಕ್‌ಶಾಪಿನಲ್ಲಿ ನನ್ನ ಮೇಜು ಕೂಲರಿನ ಮುಂದೆ ಇದೆ. ಸುತ್ತಲಿನ ಕಾರ್ಖಾನೆಗಳ ವಾಸನೆಗೆ ಕಿಟಕಿ ತೆರೆಯುವಂತಿಲ್ಲ, ತಗಡಿನ ಶೆಡ್ಡು ಕಾದಿರುತ್ತದೆ, ಆದ್ದರಿಂದ ಸೂಕ್ಷ್ಮದ ಕೆಲಸವೆಲ್ಲ ಅಲ್ಲೇ. ಪ್ರೊಪೆಲ್ಲರುಗಳ ಕಪಾಟೂ ಅಲ್ಲೇ ಪಕ್ಕದಲ್ಲಿ. ತೂತನ್ನು ಶಾಫ್ಟಿನ ಅಳತೆಗೆ ರೀಮರಿನಿಂದ ಹಿಗ್ಗಿಸಿ, ಎರಡೂ ಎಲೆಗಳ ತೂಕ ಸಮ ಮಾಡಿ, ಕೂರಿಸಿ, ಬಿಗಿದು, ಡೈರಿಯಲ್ಲಿ ದಿನಾಂಕ ಬರೆದಿಟ್ಟರೆ ನನಗೆ ಸಮಾಧಾನ. ಆ ಸಂಜೆಯದೂ ಬರೆದಿಟ್ಟಿತ್ತು. ನೋಡಿಕೊಂಡೆ. ಅದರಿಂದ ಯಾವ ಉಪಯೋಗವೂ ಆಗಲಿಲ್ಲ.

ಮರುದಿನವೇ ಮಾಲೀಕರು ಮೂರು ಹೊಸ ಕ್ರಮಗಳನ್ನು ತಂದರು. ನಟ್ಟಿನ ಮೇಲೆ ಇನ್ನೊಂದು ನಟ್, ಒಂದಕ್ಕೊಂದು ಬಿಗಿದು ಲಾಕ್ ಆಗುವಂತೆ. ಎಳೆಗಳಿಗೆ ನೀಲಿ ಅಂಟು. ಹಚ್ಚಿ ಒಣಗಿದ ಮೇಲೆ ನಟ್ ಅಲುಗಾಟಕ್ಕೆ ಬಿಚ್ಚುವುದಿಲ್ಲ. ಕೊನೆಗೆ, ಶಾಫ್ಟಿನ ತುದಿಯಿಂದ ಎರಡೂ ನಟ್ಟುಗಳ ಮೇಲೆ ಹಾದುಬರುವಂತೆ ಒಂದು ಕೆಂಪು ಗೆರೆ. ನಟ್ ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿಯುತ್ತದೆ, ದೂರದಿಂದಲೇ ಕಾಣುತ್ತದೆ. ಎಷ್ಟು ಬಿಗಿದಿದ್ದೇವೆ ಎಂದು ಅಳೆಯುವ ಪಾನಾ ಕೂಡ ತಂದುಕೊಟ್ಟರು. ನಿಗದಿ ಮಾಡಿದ ಬಲಕ್ಕೆ ಬಂದಾಗ ಅದು ಕಟಕ್ ಎನ್ನುತ್ತದೆ.

ನನಗೆ ಇದೆಲ್ಲ ಬಹಳ ಇಷ್ಟವಾಯಿತು. ನನ್ನ ಸ್ವಭಾವಕ್ಕೆ ಹೊಂದುವ ಕ್ರಮ. ಆದರೆ ಹೆದರಿಕೆ ಹೋಗಲಿಲ್ಲ. ಅಮೀರ್‌ಪೇಟಿನ ಹಾಸ್ಟೆಲಿನ ಊಟದ ಮನೆಯಲ್ಲಿ ಫ್ಯಾನಿನ ನೇರ ಕೆಳಗಿನ ಕುರ್ಚಿ ಬಿಟ್ಟು ಬೇರೆ ಕಡೆ ಕೂರತೊಡಗಿದೆ. ಪಕ್ಕದ ಕೋಣೆಯ ಹುಡುಗಿ ಕೇಳಿದಾಗ ಗಾಳಿ ಆಗುವುದಿಲ್ಲ, ಶೀತ ಅಂದೆ. ಏಪ್ರಿಲ್ ತಿಂಗಳಲ್ಲಿ ಹೈದರಾಬಾದಿನಲ್ಲಿ ಯಾರಿಗೆ ಶೀತ ಎಂದು ಅವಳು ನಕ್ಕಳು.

ಅಣ್ಣನೂ ಬದಲಾದರು. ಮೊದಲು ಎಂಜಿನ್ನಿನ ಮುಂದೆ ಕುಳಿತು ಹಾಡು ಗುನುಗುತ್ತಿದ್ದವರು ಈಗ ಪಕ್ಕಕ್ಕೆ ಸರಿದು, ಕೈ ಉದ್ದ ಮಾಡಿ, ಮುಖ ಆಚೆ ತಿರುಗಿಸಿ ಕೋಲು ತಟ್ಟುತ್ತಿದ್ದರು. ಒಂದು ದಿನ ಹೆಲ್ಮೆಟ್ ಹಾಕಿಕೊಂಡೇ ಬಂದರು.

"ಅಣ್ಣಾರ, ಗಾಡಿ ಎಲ್ಲೈತ್ರಿ?" ಎಂದೆ.

"ಗಾಡಿ ಇಲ್ಲ, ಬರೇ ಹೆಲ್ಮೆಟ್ಟ. ಮನ್ಯಾಗ ಹೆಣ್ತಿ ಕೇಳ್ಯಾಳ, ಅದೇನು ಆಫೀಸಿಗೆ ಹೊಂಟೀರೋ ಯುದ್ಧಕ್ಕೋ ಅಂತ." ನಗುತ್ತಲೇ ಹೇಳಿದರು. ಆಮೇಲೆ ದನಿ ತಗ್ಗಿಸಿ, "ನೋಡವಾ, ನಾ ಒಂದ ಮಾತು ಹೇಳ್ತೀನಿ. ಈ ಗೆರಿ ಪರಿ ನಂಗ ತಿಳಿಯಂಗಿಲ್ಲ. ನೀ ಬಿಗಿ ಐತಿ ಅಂದ್ರ ನಾ ಕೈ ಹಾಕ್ತೀನಿ. ಇಲ್ಲಾಂದ್ರ ಇಲ್ಲ. ಅಷ್ಟ," ಎಂದರು.

ಆ ಮಾತು ನನ್ನ ಮೇಲೆ ಕಲ್ಲಿಟ್ಟಂತೆ ಕೂತಿತು. ಅವರ ಕಣ್ಣು, ಕಿವಿ, ಬೆರಳು ಎಲ್ಲವೂ ನನ್ನ ಬಾಯಿಂದ ಬರುವ ಒಂದು ಮಾತಿನ ಮೇಲೆ ನಿಂತಿವೆ.

ಗಾಜಿಗೆ ಬಡಿದ ಪ್ರೊಪೆಲ್ಲರಿನ ಬದಲು ಕಪಾಟಿನಿಂದ ಹೊಸದೊಂದನ್ನು ತೆಗೆದು ಕೂರಿಸಿ, ಏಪ್ರಿಲ್ ಮೊದಲೆರಡು ವಾರಗಳಲ್ಲಿ ಹನ್ನೊಂದು ಸಲ ಎಂಜಿನ್ ಓಡಿಸಿದೆವು. ಹನ್ನೊಂದು ಸಲವೂ ಮೊದಲು ಗೆರೆ ನೋಡಿದೆ; ನೆಟ್ಟಗಿತ್ತು. ಪಾನಾ ಹಚ್ಚಿದೆ, ನಟ್ ಜಗ್ಗಲಿಲ್ಲ, ಕಟಕ್ ಎಂದಿತು. "ಬಿಗಿ ಐತ್ರಿ" ಎಂದೆ. ಅಣ್ಣ ಕೈ ಹಾಕಿದರು. ಒಂಬತ್ತನೆಯ ತಾರೀಕಿನ ಡೈರಿಯಲ್ಲಿ ಮಾತ್ರ ಒಂದು ಸಾಲು ಹೆಚ್ಚಿಗೆ ಇದೆ: ಎಂಜಿನ್ ನಿಲ್ಲಿಸಿದ ಮೇಲೆ ಸುಟ್ಟ ವಾಸನೆ, ಎಣ್ಣೆಯದಿರಬೇಕು. ಈ ಎಂಜಿನ್ನಿನ ಇಂಧನಕ್ಕೆ ಹರಳೆಣ್ಣೆ ಬೆರೆಸುತ್ತಾರೆ, ಅದು ಸುಟ್ಟು ನಾರುವುದು ಹೊಸದಲ್ಲ. ಮುಂದಕ್ಕೆ ಹೋದೆ.

ಪ್ರದರ್ಶನ ಇದ್ದದ್ದು ಗಚ್ಚಿಬೌಲಿಯಿಂದ ಇನ್ನೂ ಆಚೆಗಿರುವ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ, ಏಪ್ರಿಲ್ ಹತ್ತೊಂಬತ್ತರಂದು. ವಿದ್ಯಾರ್ಥಿಗಳು ಹತ್ತಿರದಿಂದ ನೋಡಲಿ ಎಂದು ಅವರು ವಿಮಾನವನ್ನು ಐದು ದಿನ ಮೊದಲೇ ತರಿಸಿಕೊಂಡು ಮುಂಬಾಗಿಲ ಗಾಜಿನ ಹಜಾರದಲ್ಲಿ ಇಟ್ಟಿದ್ದರು. ಕಳುಹಿಸುವ ಮುನ್ನಾದಿನ ಸಂಜೆ ನನ್ನ ಮೇಜಿನಲ್ಲೇ ಎಲ್ಲ ಬಿಚ್ಚಿ, ಅದೇ ಪ್ರೊಪೆಲ್ಲರನ್ನು ಒರೆಸಿ ಮತ್ತೆ ಕೂರಿಸಿ, ಹೊಸ ಅಂಟು ಹಚ್ಚಿ, ಕಟಕ್ ಎನ್ನುವವರೆಗೆ ಬಿಗಿದು, ಹೊಸ ಗೆರೆ ಎಳೆದಿದ್ದೆ. ಒಂದು ಮಾತು ಇಲ್ಲಿ ಹೇಳಬೇಕು: ಬಿಚ್ಚಿದಾಗ ಪ್ರೊಪೆಲ್ಲರಿನ ಹಿಂದಿನ ಮುಖ ಸ್ವಲ್ಪ ಕಂದಾಗಿ ಕಂಡಿತ್ತು. ಎಣ್ಣೆ ಎಂದುಕೊಂಡು ಬಟ್ಟೆಯಿಂದ ಉಜ್ಜಿದ್ದೆ. ಬಣ್ಣ ಪೂರ್ತಿ ಹೋಗಿರಲಿಲ್ಲ.

ಪ್ರದರ್ಶನದ ಬೆಳಿಗ್ಗೆ ಏಳೂವರೆಗೆ ಕಾಲೇಜು ತಲುಪಿದೆವು. ಹಜಾರದ ಗಾಜು ಪೂರ್ವಕ್ಕಿತ್ತು, ಬಿಸಿಲು ಆಗಲೇ ವಿಮಾನದ ಮೂತಿಯ ಮೇಲೆ ಬಿದ್ದಿತ್ತು. ಮೈದಾನಕ್ಕೆ ಎತ್ತಿಕೊಂಡು ಹೋದೆವು. ವಿದ್ಯಾರ್ಥಿಗಳು ಓಟದ ಪಟ್ಟಿಯ ಪಕ್ಕದ ಮೆಟ್ಟಿಲುಗಳ ಮೇಲೆ ಕೂತಿದ್ದರು, ವಿಮಾನದ ಮೂತಿಗೆ ಸರಿಯಾಗಿ ಅಡ್ಡಕ್ಕೆ. ಅಂದರೆ ಪ್ರೊಪೆಲ್ಲರಿನ ಎಲೆ ಮುರಿದರೆ ಸಿಡಿಯುವ ಸಾಲಿನಲ್ಲೇ. ಕಾರ್ಯಕ್ರಮ ನೋಡಿಕೊಳ್ಳುತ್ತಿದ್ದ ಉಪನ್ಯಾಸಕಿ ಮೈಸೂರಿನವರು. ನಾವು ಕನ್ನಡದಲ್ಲಿ ಮಾತಾಡುವುದನ್ನು ಕೇಳಿ ಖುಷಿಯಾಗಿ ಹತ್ತಿರ ಬಂದಿದ್ದರು.

"ಎಂಟೂವರೆಗೆ ಶುರು ಮಾಡೋಣ್ವಾ? ಒಂಬತ್ತಕ್ಕೆ ಇವರಿಗೆ ಟೆಸ್ಟ್ ಇದೆ, ಎದ್ದು ಹೋಗ್ಬಿಡ್ತಾರೆ," ಎಂದರು.

ಮಾಲೀಕರು ರಿಮೋಟ್ ಕೊರಳಿಗೆ ಹಾಕಿಕೊಂಡು ತಲೆಯಾಡಿಸಿದರು.

ನಾನು ಗೆರೆ ನೋಡಿದೆ. ನೆಟ್ಟಗಿತ್ತು. ಪಾನಾ ಹಚ್ಚಿದೆ. ಕಟಕ್. ಅಲ್ಲಿಗೆ ನನ್ನ ಕೆಲಸ ಮುಗಿಯಬೇಕಿತ್ತು. ಆದರೆ ಮೆಟ್ಟಿಲ ಮೇಲಿದ್ದವರ ಕಡೆ ಒಮ್ಮೆ ನೋಡಿ, ಸುಮ್ಮನೆ, ಕೈ ಎಲ್ಲಾದರೂ ಇಡಬೇಕಲ್ಲ ಎಂಬಂತೆ ಪ್ರೊಪೆಲ್ಲರಿನ ಎರಡೂ ಎಲೆ ಹಿಡಿದು ನಿಧಾನ ತಿರುಗಿಸಿದೆ. ಪಿಸ್ಟನ್ ಮೇಲೆ ಬಂದು ಗಾಳಿ ಒತ್ತಿದಾಗ ಪ್ರೊಪೆಲ್ಲರ್ ತಡೆದು ನಿಲ್ಲುತ್ತದೆ, ಅದು ಸಹಜ. ನಾನು ಇನ್ನೂ ಸ್ವಲ್ಪ ಒತ್ತಿದೆ. ಅಂಗೈಯೊಳಗೆ ಒಂದು ಸಣ್ಣ 'ಚಿಕ್'. ಎಲೆಯ ತುದಿ ಒಂದು ಬೆರಳಗಲ ಸರಿಯಿತು.

ಶಾಫ್ಟ್ ಸರಿದಿರಲಿಲ್ಲ. ನಟ್ ಸರಿದಿರಲಿಲ್ಲ. ಕೆಂಪು ಗೆರೆ ಎಳೆದಿಟ್ಟಂತೆಯೇ ಇತ್ತು.

ಮತ್ತೊಮ್ಮೆ ಒತ್ತಿದೆ. ಮತ್ತೆ ಚಿಕ್.

ಕೈ ಬಿಟ್ಟು ಎದ್ದು ನಿಂತೆ. ಬೆವರು ಕಣ್ಣಿಗೆ ಇಳಿಯುತ್ತಿತ್ತು. ನನ್ನ ಅನುಮಾನ ತಪ್ಪಾಗಿದ್ದರೆ ಇನ್ನೂರು ಜನರ ಮುಂದೆ ಕೆಲಸ ನಿಲ್ಲಿಸಿದವಳಾಗುತ್ತೇನೆ. ಸರಿಯಾಗಿದ್ದರೆ, ಹನ್ನೊಂದು ಸಲ ನಾನು ಹೇಳಿದ "ಬಿಗಿ ಐತಿ" ಏನಾಗಿತ್ತು? ಯಾವುದು ಹೆಚ್ಚು ಹೆದರಿಕೆಯದು ಎಂದು ಆಗ ಗೊತ್ತಾಗಲಿಲ್ಲ.

"ಏಮೈಂದಿ ಅಮ್ಮಾ?" ಏನಾಯಿತು ಎಂದು ಕೇಳುತ್ತ ಮಾಲೀಕರು ಬಂದರು.

"ಸರ್, ಪ್ರೊಪೆಲ್ಲರ್ ಜಾರ್ತಿದೆ."

ಅವರು ಬಗ್ಗಿ ಗೆರೆ ನೋಡಿದರು. "ಮಾರ್ಕ್ ಸರಿಗ್ಗಾನೆ ಉಂದಿ ಕದಾ." ಗೆರೆ ಸರಿಯಾಗೇ ಇದೆಯಲ್ಲ ಎಂದು. ನನ್ನ ಕೈಯಿಂದ ಪಾನಾ ತೆಗೆದುಕೊಂಡು ತಾವೇ ಹಚ್ಚಿದರು. ಕಟಕ್. "ಚೂಡು, ನೋಡು. ಟೈಟ್."

"ನಟ್ ಟೈಟ್ ಇದೆ ಸರ್. ಪ್ರೊಪೆಲ್ಲರ್ ಇಲ್ಲ."

ಅವರಿಗೆ ಅದು ತಲೆಬುಡವಿಲ್ಲದ ಮಾತಾಗಿ ಕೇಳಿಸಿರಬೇಕು. ನನಗೂ ಹಾಗೇ ಕೇಳಿಸಿತು. ಗಡಿಯಾರ ನೋಡಿಕೊಂಡು, "ಭಯ ಪಡಬೇಡ. ಹೋದ ತಿಂಗಳಿನದು ಮನಸ್ಸಲ್ಲಿ ಇದೆ ನಿಂಗೆ. ಸ್ಟಾರ್ಟ್ ಮಾಡಿಸು," ಎಂದು ಹಿಂದಕ್ಕೆ ಹೋದರು.

ಅಣ್ಣ ಬಂದು ಮೂತಿಯ ಪಕ್ಕ ಕುಳಿತರು. ಹೆಲ್ಮೆಟ್ ಇರಲಿಲ್ಲ, ಇಷ್ಟು ಹುಡುಗರ ಮುಂದೆ ನಗೆಪಾಟಲು ಎಂದು ವ್ಯಾನಿನಲ್ಲೇ ಬಿಟ್ಟಿದ್ದರು. ನನ್ನ ಕಡೆ ಕೈ ಚಾಚಿದರು. ಈ ಎಂಜಿನ್ ಚಾಲೂ ಆಗಬೇಕಾದರೆ ಪ್ಲಗ್ಗನ್ನು ಕೆಂಪಗೆ ಕಾಯಿಸುವ ಒಂದು ಬ್ಯಾಟರಿ ಕ್ಲಿಪ್ ಹಚ್ಚಬೇಕು. ಆ ಕ್ಲಿಪ್ ಯಾವಾಗಲೂ ನನ್ನ ಹತ್ತಿರ ಇರುತ್ತದೆ, ನಾನು ಕೊಡದೆ ಎಂಜಿನ್ ಹೊತ್ತುವುದಿಲ್ಲ.

"ಕೊಡವಾ."

"ಕೊಡಂಗಿಲ್ರಿ."

"ಅಲ್ಲವಾ, ಸಾಹೇಬ್ರು ಹೇಳ್ಯಾರ. ಅಷ್ಟು ಮಂದಿ ಕುಂತಾರ ಅಲ್ಲಿ."

"ಕುಂತಾರಂತನ ಕೊಡಂಗಿಲ್ರಿ. ನೀವ ಒಮ್ಮೆ ತಿರುವಿ ನೋಡ್ರಿ. ಆಮ್ಯಾಲ ಬೇಕಂದ್ರ ಕೊಡ್ತೀನಿ."

ಅವರು ನನ್ನ ಮುಖ ನೋಡಿದರು. ಆಮೇಲೆ ಎಲೆ ಹಿಡಿದು, ತಡೆಯುವವರೆಗೆ ತಿರುಗಿಸಿ, ಒತ್ತಿದರು. ಚಿಕ್. ಕೈ ತಟ್ಟನೆ ಹಿಂದಕ್ಕೆ ಬಂತು, ಬಿಸಿ ಹಂಚು ಮುಟ್ಟಿದವರ ಹಾಗೆ. ಎರಡನೆಯ ಸಲ ಒತ್ತಲಿಲ್ಲ.

"ಸಾಬ್," ಎಂದು ಕೂಗಿದರು ಮಾಲೀಕರನ್ನು, "ಇದು ಪಂಖಾ ಅಲ್ರಿ, ಜಾತ್ರಿ ಗಿರಗಿಟ್ಟಿ ಐತಿ. ನಾ ಅಂತೂ ಕೈ ಹಚ್ಚಂಗಿಲ್ಲ."

ಮಾಲೀಕರು ಮರಳಿ ಬಂದು ತಾವೂ ಎಲೆ ಹಿಡಿದು ನೋಡಿದರು. "ಬಿಚ್ಚು," ಎಂದರು.

ಮೇಲಿನ ನಟ್ ಬಂತು. ಕೆಳಗಿನದಕ್ಕೆ ಬಲ ಹಾಕಬೇಕಾಯಿತು. ನೀಲಿ ಅಂಟು ಒಡೆದು ಚಟ್ ಎಂದಿತು. ಒಡೆದ ಮೇಲೆ ನಟ್ ಬೆರಳಲ್ಲೇ ತಿರುಗಿತು. ಅದನ್ನು ಕಂಡಾಗಲೇ ನನಗೆ ಅರ್ಥವಾದದ್ದು. ನಟ್ ಮರವನ್ನು ಒತ್ತಿಕೊಂಡು ಬಿಗಿಯಾಗಿರಲಿಲ್ಲ, ಅಂಟಿನಿಂದ ಬಿಗಿಯಾಗಿತ್ತು. ಪಾನಾ ಕಟಕ್ ಎಂದದ್ದು ಅಂಟಿಗೆ. ಎರಡನೆಯ ನಟ್ ಹಿಡಿದುಕೊಂಡಿದ್ದು ಮೊದಲನೆಯ ನಟ್ಟನ್ನು. ಗೆರೆ ಕಾಯುತ್ತಿದ್ದದ್ದೂ ನಟ್ಟನ್ನೇ. ನಾವು ಮಾಡಿದ ಪರೀಕ್ಷೆಗಳೆಲ್ಲ ನಟ್ ತಿರುಗಿದೆಯೇ ಎಂದು ನೋಡುವಂಥವು. ನಟ್ ತಿರುಗದೆ, ಅದರ ಹಿಂದಿನ ಮರವೇ ತೆಳ್ಳಗಾಗಿ ಹಿಂದೆ ಸರಿದರೆ ಏನು ಎಂದು ಮೂವರಲ್ಲಿ ಒಬ್ಬರೂ ಯೋಚಿಸಿರಲಿಲ್ಲ.

ಪ್ರೊಪೆಲ್ಲರ್ ತೆಗೆದು ತಿರುವಿ ಹಾಕಿದೆ. ಹಿಂದಿನ ಮುಖದಲ್ಲಿ ವಾಷರಿನ ಹಲ್ಲುಗಳ ಗುರುತು ಇರಬೇಕಾದ ಕಡೆ ಹೊಳೆಯುವ ಕಂದು ಉಂಗುರವಿತ್ತು, ಕೆಲವೆಡೆ ಕಪ್ಪು. ಮಾಲೀಕರು ಮೂಗಿನ ಹತ್ತಿರ ಹಿಡಿದರು. ಸುಟ್ಟ ಮರ. ಒಂಬತ್ತನೆಯ ತಾರೀಕಿನ ವಾಸನೆ.

"ಎಷ್ಟು ದಿನದಿಂದ?" ಎಂದು ಕೇಳಿದರು.

"ಗೊತ್ತಿಲ್ಲ ಸರ್. ಹತ್ತು ದಿನದಿಂದಂತೂ ಹೌದು."

ಅವರು ಸಲಕರಣೆಯ ಪೆಟ್ಟಿಗೆಯ ಮೇಲೆ ಕುಳಿತುಬಿಟ್ಟರು. ಅಣ್ಣ ತಮ್ಮ ಬಲಗೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಳ್ಳುತ್ತಿದ್ದರು.

ಉಪನ್ಯಾಸಕಿ ಓಡಿ ಬಂದರು. "ಏನಾದ್ರೂ ತೊಂದ್ರೆನಾ? ಹಾರಲ್ವಾ ಹಾಗಾದ್ರೆ?"

ಈಗ ನಾನೇ ಹೇಳಬೇಕಿತ್ತು, ಯಾಕೆಂದರೆ ಕ್ಲಿಪ್ ಇನ್ನೂ ನನ್ನ ಜೇಬಿನಲ್ಲೇ ಇತ್ತು. ಹಾರುತ್ತದೋ ಇಲ್ಲವೋ ಗೊತ್ತಿಲ್ಲ, ಆದರೆ ಮೊದಲು ವಿದ್ಯಾರ್ಥಿಗಳನ್ನು ಅಲ್ಲಿಂದ ಎಬ್ಬಿಸಿ, ವಿಮಾನದ ಹಿಂದೆ, ದೂರಕ್ಕೆ ಕೂರಿಸಿ ಎಂದೆ. "ಬಿಸಿಲು ಕಣ್ರೀ ಅಲ್ಲಿ," ಎಂದರು. "ಬಿಸಿಲೇ ಇರಲಿ ಮೇಡಂ," ಎಂದೆ. ಅವರು ಒಂದು ಕ್ಷಣ ಪ್ರೊಪೆಲ್ಲರಿನ ಕಪ್ಪು ಉಂಗುರ ನೋಡಿ, ಮೆಟ್ಟಿಲುಗಳ ಕಡೆ ತಿರುಗಿ ಏಳಿ ಎಂದು ಕೈ ಬೀಸಿದರು. ಹುಡುಗರು ಗೊಣಗುತ್ತ ಎದ್ದರು.

ವ್ಯಾನಿನ ಮೇಲಟ್ಟದಲ್ಲಿ ಒಂದು ಬದಲಿ ಪ್ರೊಪೆಲ್ಲರ್ ಇತ್ತು, ಬೇಸಿಗೆ ಶುರುವಾದಾಗಿನಿಂದ ಅಲ್ಲೇ ಬಿಸಿಲಿಗೆ ಕಾದು ಬಿದ್ದದ್ದು. ತೂತು ಮೊದಲೇ ಹಿಗ್ಗಿಸಿತ್ತು. ಅದನ್ನು ಕೂರಿಸಿದೆ. ಅಂಟು ಹಚ್ಚಲಿಲ್ಲ. ಬಿಗಿದೆ, ಎರಡನೆಯ ನಟ್ ಹಾಕಿದೆ, ಎಲೆ ಹಿಡಿದು ಒತ್ತಿದೆ. ಚಿಕ್ ಇಲ್ಲ. ಅಣ್ಣನ ಕಡೆ ನೋಡಿದೆ.

"ಬಿಗಿ ಐತೇನು?"

"ಈಗ ಐತ್ರಿ. ಆಮ್ಯಾಲಿಂದು ಗೊತ್ತಿಲ್ಲ. ಒಂದ ನಿಮಿಷ ಓಡಿಸಿ ನಿಂದ್ರಿಸೂಣ್ರಿ, ಮತ್ತ ನೋಡ್ತೀನಿ."

"ಮೊದಲು ಹಿಂಗ ಹೇಳ್ತಿದ್ದಿಲ್ಲ ನೀ."

"ಮೊದಲು ಗೊತ್ತಿದ್ದಿಲ್ರಿ."

ಅವರು ಒಬ್ಬ ಹುಡುಗನನ್ನು ಕರೆದು ವ್ಯಾನಿನಿಂದ ಹೆಲ್ಮೆಟ್ ತರಿಸಿಕೊಂಡರು. ದೂರದಲ್ಲಿ ಯಾರೋ ಶಿಳ್ಳೆ ಹೊಡೆದರು. ಅವರು ಪಟ್ಟಿ ಕಟ್ಟಿಕೊಂಡು ಕೋಲು ತೆಗೆದುಕೊಂಡರು. ನಾನು ಕ್ಲಿಪ್ ಕೊಟ್ಟೆ. ನನ್ನ ಕೈಯಿಂದ ಅವರ ಕೈಗೆ ಹೋಗುವಷ್ಟರಲ್ಲಿ ಅದು ನೆಲಕ್ಕೆ ಬಿತ್ತು. ಎತ್ತಿ ಒರೆಸಿ ಮತ್ತೆ ಕೊಟ್ಟೆ.

ಎಂಜಿನ್ ಹೊತ್ತಿತು. ಒಂದು ನಿಮಿಷ ಓಡಿತು. ನಿಲ್ಲಿಸಿ, ನಟ್ ಬಿಚ್ಚದೆ ಪಾನಾ ಹಚ್ಚಿದೆ. ಕಟಕ್ ಎನ್ನುವ ಮೊದಲು ನಟ್ ಇನ್ನಷ್ಟು ತಿರುಗಿತು, ಗಡಿಯಾರದ ಮುಳ್ಳು ಐದು ನಿಮಿಷ ಸರಿಯುವಷ್ಟು. ಒಂದೇ ನಿಮಿಷದ ಓಟಕ್ಕೆ. ಮತ್ತೆ ಓಡಿಸಿದೆವು, ಈ ಸಲ ಎರಡು ನಿಮಿಷ. ನಟ್ ಕೂದಲೆಳೆಯಷ್ಟು ತಿರುಗಿತು. ಮೂರನೆಯ ಸಲ ತಿರುಗಲಿಲ್ಲ. ಹೊತ್ತು ಒಂಬತ್ತಕ್ಕೆ ಐದು ನಿಮಿಷ ಇತ್ತು. ಮಾಲೀಕರು ನನ್ನನ್ನು ನೋಡಿದರು. ನಾನು ತಲೆಯಾಡಿಸಿದೆ. ವಿಮಾನ ಎದ್ದಿತು, ಮೈದಾನದ ಮೇಲೆ ಸುತ್ತಿತು, ಇಳಿಯಿತು. ಹುಡುಗರು ಚಪ್ಪಾಳೆ ತಟ್ಟಿ ಟೆಸ್ಟಿಗೆ ಓಡಿದರು. ಹಾರಿದ್ದನ್ನು ನಾನು ನೋಡಿದ ನೆನಪಿಲ್ಲ, ಕೇಳಿದ್ದು ನೆನಪಿದೆ. ಎಂಜಿನ್ನಿನ ದನಿ ಏರಿಳಿದಾಗಲೆಲ್ಲ ಹೆಗಲು ಕುಗ್ಗುತ್ತಿತ್ತು.

ಆಮೇಲಿನ ವಾರಗಳಲ್ಲಿ ಮರ ಯಾಕೆ ತೆಳ್ಳಗಾಯಿತು ಎಂದು ಹುಡುಕಿದೆವು. ಕಪಾಟಿನಲ್ಲಿದ್ದ ಬೇರೆ ಪ್ರೊಪೆಲ್ಲರುಗಳ ನಡುಭಾಗವನ್ನು ವರ್ನಿಯರಿನಿಂದ ಅಳೆದು, ಅವುಗಳನ್ನು ಶೆಡ್ಡಿನ ಬಿಸಿಲಿನ ಮೂಲೆಯಲ್ಲಿ ಐದು ದಿನ ಇಟ್ಟು ಮತ್ತೆ ಅಳೆದೆ. ಎಲ್ಲವೂ ಕಡಿಮೆಯಾಗಿದ್ದವು, ಕಣ್ಣಿಗೆ ಕಾಣದಷ್ಟು, ವರ್ನಿಯರಿಗೆ ಕಾಣುವಷ್ಟು. ಮತ್ತೆ ಕಪಾಟಿಗೆ ತಂದಿಟ್ಟಾಗ ನಿಧಾನ ಮೊದಲಿನಂತಾದವು. ಮಾಲೀಕರು ಆ ಅಂಕಿಗಳನ್ನು ನೋಡಿ, ಕಪಾಟು ನೋಡಿ, ನನ್ನ ಮೇಜು ನೋಡಿ, ಕೊನೆಗೆ ಕೂಲರ್ ನೋಡಿದರು. ಹುಲ್ಲಿನ ಚಾಪೆಗೆ ನೀರು ಸುರಿದು ಅದರ ಮೂಲಕ ಗಾಳಿ ಎಳೆಯುವ ಯಂತ್ರ ಅದು. ಅದರ ಬಾಯಿಗೆ ಒಡ್ಡಿಕೊಂಡೇ ನಾವು ಮರ ಇಟ್ಟಿದ್ದೆವು, ತೂತು ಹಿಗ್ಗಿಸಿ ವಾರ್ನಿಶ್ ಇಲ್ಲದ ಹಸಿ ಮರವನ್ನು ತೆರೆದಿದ್ದೆವು, ಅಲ್ಲೇ ಕೂತು ಬಿಗಿದಿದ್ದೆವು.

ಅಣ್ಣನಿಗೆ ವಿವರಿಸಿದಾಗ ಅವರು ಬಹಳ ಹೊತ್ತು ನಕ್ಕರು. "ನಮ್ಮಂಗ ಆತು ಬಿಡವಾ. ಕೂಲರ್ ಮುಂದ ಕುಂತ್ರ ಉಬ್ಬೂದು, ಬಿಸಲಿಗೆ ಹ್ವಾದ್ರ ಬತ್ತೂದು. ಪಂಖಾಕ್ಕೇನು ಬ್ಯಾರೆ ಜೀವ ಐತೇನು?"

ಈಗ ಪ್ರೊಪೆಲ್ಲರುಗಳು ಕೂಲರಿನಿಂದ ದೂರ, ತಗಡಿನ ಕೆಳಗಿನ ಅಟ್ಟದಲ್ಲಿವೆ. ತೂತಿನೊಳಗೆ ವಾರ್ನಿಶ್ ಹಚ್ಚುತ್ತೇವೆ. ಬಿಗಿಯುವುದು ಮೈದಾನದಲ್ಲಿ, ಒಂದು ನಿಮಿಷ ಓಡಿಸಿ ಮತ್ತೆ ಬಿಗಿಯುವುದು ಕಡ್ಡಾಯ. ಅಂಟು ಬಿಟ್ಟಿದ್ದೇವೆ, ಅದು ನಟ್ಟನ್ನು ಹಿಡಿಯುವುದಕ್ಕಿಂತ ಹೆಚ್ಚಾಗಿ ಸಡಿಲವನ್ನು ಮುಚ್ಚುತ್ತಿತ್ತು. ಗೆರೆ ಎಳೆಯುತ್ತೇವೆ, ಆದರೆ ನಟ್ಟಿನಿಂದ ಪ್ರೊಪೆಲ್ಲರಿನ ಮರದ ಮೇಲಕ್ಕೆ ಹಾದುಬರುವಂತೆ.

ಇಷ್ಟಾದರೂ ಒಂದು ವಿಷಯ ನನಗೆ ಬಗೆಹರಿದಿಲ್ಲ, ಅದಕ್ಕಾಗಿಯೇ ಇದನ್ನು ಬರೆದೆ. ಕಾಲೇಜಿನಲ್ಲಿ ಹಾಕಿದ ಬದಲಿ ಪ್ರೊಪೆಲ್ಲರ್ ಬೇಸಿಗೆಯಿಡೀ ಕೂಲರಿನ ಗಾಳಿಯನ್ನೇ ಕಂಡಿರಲಿಲ್ಲ, ವ್ಯಾನಿನಲ್ಲಿ ಒಣಗಿ ಕಟ್ಟಿಗೆಯಾಗಿತ್ತು. ಅದೂ ಮೊದಲ ನಿಮಿಷದಲ್ಲೇ ಬಿಗಿತ ಕಳೆದುಕೊಂಡಿತು. ಹಲ್ಲಿನ ವಾಷರ್ ಮರವನ್ನು ಅಮುಕಿ ಒಳಗಿಳಿದದ್ದೇ? ಎಂಜಿನ್ನಿನ ಕಾವೇ? ಮೂರನೆಯ ಓಟಕ್ಕೆ ನಿಂತದ್ದು ಪೂರ್ತಿ ನಿಂತಿದೆಯೋ, ಮುಂಗಾರು ಬಂದು ಹೋದ ಮೇಲೆ ಮತ್ತೆ ಶುರುವಾಗುತ್ತದೋ? ಒಣ ಊರುಗಳಲ್ಲಿ ಮರದ ಪ್ರೊಪೆಲ್ಲರನ್ನು ವರ್ಷಗಟ್ಟಲೆ ಬಳಸಿದವರು, ಮರದ ಗುಣ ಬಲ್ಲವರು ಯಾರಾದರೂ ಇದನ್ನು ಓದುತ್ತಿದ್ದರೆ, ಒಮ್ಮೆ ಬಿಗಿದದ್ದನ್ನು ಎಷ್ಟು ಹೊತ್ತು ನಂಬಬಹುದು ಎಂದು ಈ ಪತ್ರಿಕೆಯ ವಿಳಾಸಕ್ಕೆ ನಾಲ್ಕು ಸಾಲು ಬರೆಯಿರಿ. ನಮ್ಮ ಕ್ರಮದಲ್ಲಿ ತಪ್ಪು ಕಂಡರೆ ಅದನ್ನೂ ಬರೆಯಿರಿ, ಮುಲಾಜು ಬೇಡ. ನನ್ನ ಹೆದರಿಕೆಗೆ ಔಷಧಿ ಬೇಕಾಗಿಲ್ಲ, ಅದು ಇರುವುದೇ ಒಳ್ಳೆಯದು ಅನಿಸಿದೆ. ಬರುವ ವಾರ ಇನ್ನೊಂದು ಮೇಳವಿದೆ. ಅಣ್ಣ ಮೂತಿಯ ಪಕ್ಕ ಕುಳಿತು, ಕೈ ಚಾಚಿ, ಬಿಗಿ ಐತೇನು ಎಂದು ಕೇಳುತ್ತಾರೆ. ಅವರಿಗೆ ಏನು ಹೇಳಲಿ ಎಂಬುದು ತಿಳಿಯಬೇಕಾಗಿದೆ.